ವಾಯುಸೂಚಕ ಯಂತ್ರಗಳೂ ಅವುಗಳ ಸ್ವಪರೀಕ್ಷೆಯೂ

ರಾಗಿಯ ಹಗೇವನ್ನು ತೆರೆದ ಕೂಡಲೆ ಅದರೊಳಕ್ಕೆ ಇಳಿಯಕೂಡದೆಂಬುದು ನಮ್ಮ ಸೀಮೆಯ ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಹಗೇವುಗಳು ಈಗ ಬಹು ವಿರಳವಾಗಿರುವುವು. ಆದರೂ ಬಾಯಿಯ ಚಪ್ಪಡಿಯನ್ನು ಸರಿಸಿ, ಕೆಲವು ಹೊತ್ತು ಹಾಗೆಯೇ ಬಿಟ್ಟು, ಬಳಿಕ ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಕ್ಕೆ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದ ಕ್ರಮವನ್ನು ಬಲ್ಲ ಹಿರಿಯರು ಗುಬ್ಬಿ, ಕುಣಿಗಲ್ ಕಡೆಯ ಗ್ರಾಮಗಳಲ್ಲಿ ಇದ್ದೇ ಇರುವರು. ಮುಚ್ಚಿದ ಗುಂಡಿಯಲ್ಲಿ ಧಾನ್ಯವೂ ಅದಕ್ಕೆ ಅಂಟಿದ ಬೂಷ್ಟೂ ಉಸಿರಾಡುತ್ತ ಅಲ್ಲಿನ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲಾಮ್ಲವಾಯುವನ್ನು ಬಿಡುವುವು. ಈ ವಾಯುವು ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರವಾದುದರಿಂದ ತಳದಲ್ಲಿಯೇ ನಿಲ್ಲುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ದೀಪದ ಪರೀಕ್ಷೆಯು ಸುಳ್ಳಲ್ಲ. ಆದರೆ ಅದರ ಮಾತು ಬಹಳ ತಡವಾಗಿ ಬರುವುದು. ಒಳ್ಳೆಯ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ೨೦.೯ ಭಾಗವಿರುವುದು. ದೀಪವು ಆರುವುದು ಅದು ೧೬-೧೭ ಭಾಗಕ್ಕೆ ಇಳಿದ ಮೇಲೆ. ಅಷ್ಟರೊಳಗಾಗಿ ಮನುಷ್ಯನಿಗೆ ಉಸಿರು ಹೆಚ್ಚಿ, ಕೈಕಾಲುಗಳ ಹಿಡಿತವೂ ಬುದ್ಧಿಯ ಚುರುಕೂ ಕುಂದತೊಡಗಿರುತ್ತವೆ. ವಿಷವಾಯುವಿನ ವಿಷಯದಲ್ಲಂತೂ ದೀಪವು ಏನನ್ನೂ ಹೇಳಲಾರದು. ಆಮ್ಲಜನಕ ಸಾಕಷ್ಟಿರುವಲ್ಲಿ ಹೈಡ್ರೋಜನ್ ಸಲ್ಫೈಡು ಎರಡೇ ಉಸಿರಿನಲ್ಲಿ ಆಳನ್ನು ಕೆಡಹಬಹುದು, ದೀಪವು ಮಾತ್ರ ಉರಿಯುತ್ತಲೇ ಇರಬಹುದು. ಇನ್ನು ಗೋಬರ್ ಅನಿಲದ ತೊಟ್ಟಿಯೊಳಕ್ಕೆ ದೀಪವನ್ನು ಇಳಿಬಿಡುವುದೆಂದರೆ ಸಿಡಿಮದ್ದಿಗೆ ಕಿಡಿ ಹಾಕಿದಂತೆಯೇ ಸರಿ.

ಗೋಬರ್ ಅನಿಲದ ಪರಿಚಯ ತುಮಕೂರು ಜಿಲ್ಲೆಗೆ ಇತರರಿಗಿಂತ ಹೆಚ್ಚಾಗಿಯೇ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ತನ್ನ ವಿಸ್ತರಣಾ ಶಾಖೆಯನ್ನಿಟ್ಟಿತು. ಅದೇ ತಾಲ್ಲೂಕಿನ ಪುರ ಎಂಬ ಗ್ರಾಮದಲ್ಲಿ ೧೯೮೭ರ ಸೆಪ್ಟೆಂಬರಿನಿಂದ ಊರಿನ ಮನೆಗಳ ಸಗಣಿಯನ್ನೆಲ್ಲ ಒಟ್ಟುಗೂಡಿಸಿ, ಅದರಿಂದ ಹುಟ್ಟಿದ ಅನಿಲವನ್ನು ಡೀಸೆಲಿನೊಡನೆ ಎಂಜಿನಿನಲ್ಲಿ ಉರಿಸಿ, ವಿದ್ಯುತ್ತನ್ನು ಪಡೆದು, ಮನೆಗಳಿಗೆ ದೀಪವನ್ನೂ ಕೊಳಾಯಿ ನೀರನ್ನೂ ಒದಗಿಸಿದರು. ಸಗಣಿ ಕೊಟ್ಟವರಿಗೆ ಅನಿಲ ಕಳೆದ ಬಗ್ಗಡವು ಗೊಬ್ಬರವಾಗಿ ಹಿಂದಕ್ಕೆ ದೊರೆಯುತ್ತಿತ್ತು. ಪುರದ ಪ್ರಯತ್ನವು ದೇಶದ ಹೊರಗೂ ಹೆಸರು ಪಡೆಯಿತು. ಅದಾದ ಮೇಲೆ ಮನೆಮಟ್ಟದ ಚಿಕ್ಕ ತೊಟ್ಟಿಗಳು ಅನೇಕ ಊರುಗಳಲ್ಲಿ ಕಟ್ಟಲ್ಪಟ್ಟಿವೆ. ಇವು ನಡೆಯುತ್ತಿರುವಷ್ಟು ಕಾಲ ಅಪಾಯವು ಕಡಿಮೆ. ತಳದಲ್ಲಿ ಮಡ್ಡಿ ಕಟ್ಟಿ ನಿಂತುಹೋದ ತೊಟ್ಟಿಯನ್ನು ಶುಚಿಮಾಡಲು ಒಬ್ಬನು ಒಳಕ್ಕೆ ಇಳಿಯುವ ದಿನವೇ ಭಯದ ದಿನ.

ಗೋಬರ್ ಅನಿಲದಲ್ಲಿ ನೂರಕ್ಕೆ ಸುಮಾರು ೬೦ ಭಾಗ ಮೀಥೇನ್ ವಾಯುವೂ, ಉಳಿದುದರಲ್ಲಿ ಬಹುಪಾಲು ಇಂಗಾಲಾಮ್ಲವೂ, ಅತ್ಯಲ್ಪವಾಗಿ ಹೈಡ್ರೋಜನ್ ಸಲ್ಫೈಡೂ ಇರುವುವು. ಮೀಥೇನು ಗಾಳಿಯಲ್ಲಿ ನೂರಕ್ಕೆ ೫ರಿಂದ ೧೫ ಭಾಗದವರೆಗೆ ಬೆರೆತಾಗ ಕಿಡಿ ತಗುಲಿದರೆ ಸಿಡಿಯುವುದು. ಹೈಡ್ರೋಜನ್ ಸಲ್ಫೈಡು ಅಲ್ಪವೆಂದು ತಾತ್ಸಾರಮಾಡತಕ್ಕದ್ದಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಈ ವಾಯುವು ಹತ್ತು ಲಕ್ಷ ಭಾಗ ಗಾಳಿಯಲ್ಲಿ ೧೦೦ ಭಾಗದಷ್ಟಾಗುವ ಹೊತ್ತಿಗೆ ಮೂಗಿನ ಶಕ್ತಿಯನ್ನೇ ಅಡಗಿಸಿಬಿಡುವುದು; ಒಳಗಿರುವವನು 'ವಾಸನೆ ಹೋಯಿತು' ಎಂದು ನೆಮ್ಮದಿಗೊಳ್ಳುವ ಗಳಿಗೆಯೇ ಅವನಿಗೆ ಕೇಡಿನ ಗಳಿಗೆ. ೫೦೦ಕ್ಕೆ ಮೀರಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುವುದು; ೧೦೦೦ದಲ್ಲಿ ಒಂದೆರಡು ಉಸಿರೇ ಸಾಕು. ಶೌಚದ ಗುಂಡಿಗಳಲ್ಲಿಯೂ ತುಮಕೂರು ನಗರದ ಒಳಚರಂಡಿಗಳಲ್ಲಿಯೂ ಸಂಚಿತವಾಗುವುದು ಇದೇ ವಾಯು. ಬತ್ತಿದ ತೆರೆದ ಬಾವಿಯೊಳಕ್ಕೆ ಡೀಸೆಲ್ ಎಂಜಿನನ್ನು ಇಳಿಸಿ ನಡೆಸುವೆಡೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ಬೇರೊಂದು ವಿಷವು ತುಂಬುವುದು; ಅದಕ್ಕೆ ವಾಸನೆಯೇ ಇಲ್ಲ.

ಇದು ಕೂಲಿಯವನ ಪ್ರಾಣದ ಪ್ರಶ್ನೆಯಾಗಿರುವಂತೆಯೇ ಅವನನ್ನು ಇಳಿಸಿದವನ ಹೊಣೆಯ ಪ್ರಶ್ನೆಯೂ ಆಗಿದೆ. ೨೦೧೩ರ ಕೇಂದ್ರ ಶಾಸನದ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೇ ಆಗಲಿ ಒಳಚರಂಡಿಗೆ ಅಥವಾ ಶೌಚದ ಗುಂಡಿಗೆ ಇಳಿಸಿ ಶುಚಿಮಾಡಿಸುವುದು ಅಪರಾಧ. ಮೊದಲನೆಯ ಸಲಕ್ಕೇ ಎರಡು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ ವಿಧಿಸಲ್ಪಡಬಹುದು. ಒಳಚರಂಡಿಯ ಕೆಲಸದಲ್ಲಿ ಮಡಿದವರ ಕುಟುಂಬಕ್ಕೆ ೧೦ ಲಕ್ಷ ರೂಪಾಯಿ ಪರಿಹಾರವೆಂದು ೨೦೧೪ರಲ್ಲಿ ಸುಪ್ರೀಂ ಕೋರ್ಟು ಗೊತ್ತುಮಾಡಿದ್ದುದನ್ನು ೨೦೨೩ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯವು ೩೦ ಲಕ್ಷಕ್ಕೆ ಏರಿಸಿತು. ಆ ಶಾಸನವು ಸಗಣಿಯ ತೊಟ್ಟಿಯನ್ನು ಹೆಸರಿಸಿಲ್ಲವೆಂದು ಯಾರಾದರೂ ವಾದಿಸಬಹುದು. ವಾಯುವಿಗೆ ಆ ಭೇದ ತಿಳಿಯದು.

ಇಂತಹ ಸ್ಥಳಗಳಲ್ಲಿ ದೀಪಕ್ಕೆ ಬದಲಾಗಿ ಬಂದಿರುವುದೇ ವಾಯುಸೂಚಕ ಯಂತ್ರ. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದಾದ ಈ ಯಂತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಸಂವೇದಕಗಳು, ಎಂದರೆ ಸೆನ್ಸರುಗಳು, ಇರುವುವು: ಆಮ್ಲಜನಕಕ್ಕೆ ಒಂದು, ಉರಿಯುವ ವಾಯುಗಳಿಗೆ ಒಂದು, ಹೈಡ್ರೋಜನ್ ಸಲ್ಫೈಡಿಗೆ ಒಂದು, ಇಂಗಾಲದ ಮಾನಾಕ್ಸೈಡಿಗೆ ಒಂದು. ಆಮ್ಲಜನಕವು ೧೯.೫ಕ್ಕಿಂತ ಕೆಳಗಿಳಿದರೆ ಅಥವಾ ಹೈಡ್ರೋಜನ್ ಸಲ್ಫೈಡು ಹತ್ತು ಲಕ್ಷಕ್ಕೆ ೧೦ ಭಾಗವನ್ನು ಮುಟ್ಟಿದರೆ ಯಂತ್ರವು ಕೂಗಿಕೊಂಡು, ಕೆಂಪು ದೀಪವನ್ನು ಮಿನುಗಿಸಿ, ನಡುಗುವಂತೆ ಸಾಧಾರಣವಾಗಿ ಅಳವಡಿಸಿರುತ್ತಾರೆ. ಗುಂಡಿಯನ್ನು ಪಂಪು ಹಾಕಿ ಶುಚಿಮಾಡಲು ಬರುವ ಗುತ್ತಿಗೆದಾರರ ಬಳಿಯಲ್ಲಿ ಇದನ್ನು ನಮ್ಮ ಓದುಗರು ಕಾಣಬಹುದು. ಗುಂಡಿಯನ್ನು ತೆರೆಸುವ ಯಜಮಾನರು ಇದರ ಒಂದು ಗುಣವನ್ನು ಚೆನ್ನಾಗಿ ತಿಳಿದುಕೊಳ್ಳಬೇಕಾಗಿರುವುದರಿಂದಲೇ ಈ ಲೇಖನ.

ಯಂತ್ರದ ಗುಂಡಿಯನ್ನು ಒತ್ತಿದೊಡನೆ ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು. ಅಂಕಿಗಳೆಲ್ಲ ಒಮ್ಮೆ ಬೆಳಗುವುವು. ಕೂಗು, ದೀಪ, ನಡುಕ ಮೂರೂ ಒಮ್ಮೊಮ್ಮೆ ಆಗುವುವು. ಬ್ಯಾಟರಿ ಎಷ್ಟಿದೆ, ಸಂವೇದಕಗಳು ಜೋಡಣೆಯಲ್ಲಿವೆಯೇ, ತಂತಿ ತುಂಡಾಗಿದೆಯೇ ಎಂಬುದನ್ನೆಲ್ಲ ಒಳಗಿನ ಗಣಕವು ನೋಡಿಕೊಂಡು 'ಸರಿಯಾಗಿದೆ' ಎಂಬ ಗುರುತನ್ನು ತೋರಿಸುವುದು. ನೋಡುವವರಿಗೆ ಇದರಿಂದ ಬಹಳ ಭರವಸೆ ಹುಟ್ಟುವುದು. ಆದರೆ 'ಸರಿಯಾಗಿದೆ' ಎಂದು ಅದು ಹೇಳಿಕೊಳ್ಳುವುದು ತನ್ನ ವಿದ್ಯುತ್ತಿನ ವ್ಯವಸ್ಥೆಯನ್ನು ಕುರಿತೇ ಹೊರತು ವಾಯುವನ್ನು ಗ್ರಹಿಸುವ ಶಕ್ತಿಯನ್ನು ಕುರಿತಲ್ಲ. ತೋಟದ ಕೊಳವೆಬಾವಿಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಮೂರು ದೀಪಗಳೂ ಉರಿಯುತ್ತಿವೆ, ಮೋಟಾರು ತಿರುಗುತ್ತಿದೆ, ವಿದ್ಯುತ್ತಿನ ಮುಳ್ಳೂ ಏರಿದೆ. ಆದರೂ ಕೊಳವೆಯ ಬಾಯಲ್ಲಿ ನೀರು ಬೀಳುತ್ತಿದೆಯೋ ಇಲ್ಲವೋ ಎಂಬುದನ್ನು ತೊಟ್ಟಿಯ ಬಳಿಗೆ ಹೋಗಿ ನೋಡದೆ ಯಾವ ರೈತನೂ ನಂಬುವುದಿಲ್ಲ. ವಾಯುಸೂಚಕದ ವಿಷಯದಲ್ಲಿ ಮಾತ್ರ ನಾವು ಪೆಟ್ಟಿಗೆಯ ದೀಪವನ್ನು ನೋಡಿ ತೃಪ್ತರಾಗುತ್ತೇವೆ.

ಒಂದೊಂದು ಸಂವೇದಕವೂ ಹೇಗೆ ಕೆಡುವುದೆಂಬುದನ್ನು ತಿಳಿದರೆ ಇದು ವಿಶದವಾಗುವುದು.

ಇವುಗಳಲ್ಲಿ ಆಮ್ಲಜನಕದ ಕೋಶವು ಪ್ರಾಮಾಣಿಕವಾದುದು. ಸಾಮಾನ್ಯ ಬಗೆಯಲ್ಲಿ ಅದು ಸೀಸವನ್ನು ಸವೆಸುತ್ತ ಗಾಳಿಯಲ್ಲಿ ಸದಾ ಸ್ವಲ್ಪ ವಿದ್ಯುತ್ತನ್ನು ಹುಟ್ಟಿಸುತ್ತಿರುವುದು. ಅದರ ಆಯುಷ್ಯ ಸುಮಾರು ಎರಡು ವರ್ಷ. ಸೀಸವು ಸವೆದು ಮುಗಿದಾಗ ಅಂಕಿಯು ೨೦.೯ರಿಂದ ಕೆಳಗಿಳಿದು ಯಂತ್ರವು ತಾನಾಗಿಯೇ ಕೂಗಿಕೊಳ್ಳುವುದು. ಸತ್ತರೂ ಸದ್ದುಮಾಡಿ ಸಾಯುವ ಇಂತಹ ಆಳಿನಿಂದ ಯಜಮಾನನಿಗೆ ಮೋಸವಿಲ್ಲ. ಇದರ ಮೇಲೆ ಬಾಯಿಯಿಂದ ಉಸಿರನ್ನು ಬಿಟ್ಟರೆ, ನಾವು ಬಿಡುವ ಉಸಿರಿನಲ್ಲಿ ಆಮ್ಲಜನಕವು ೧೬-೧೭ ಭಾಗ ಮಾತ್ರವಿರುವುದರಿಂದ, ಅಂಕಿಯು ಇಳಿದು ಕೂಗು ಏಳತಕ್ಕದ್ದು. ಖರ್ಚಿಲ್ಲದ ಈ ಒರಟು ಪರೀಕ್ಷೆ ಆಮ್ಲಜನಕದ ಕೋಶಕ್ಕೆ ಸರಿ. ಉಳಿದ ಮೂರರ ವಿಷಯವಾಗಿ ಅದರಿಂದ ಏನೂ ತಿಳಿಯಲಾರದು.

ಹೈಡ್ರೋಜನ್ ಸಲ್ಫೈಡಿನ ಕೋಶದ ರೀತಿಯೇ ಬೇರೆ. ಅದರೊಳಗೆ ಸ್ವಲ್ಪ ಆಮ್ಲದ್ರವವೂ, ಅದರಲ್ಲಿ ನೆನೆದ ಲೋಹದ ತಟ್ಟೆಗಳೂ, ಮೇಲೆ ವಾಯುವು ನುಸುಳಿ ಬರುವುದಕ್ಕೆ ಸಣ್ಣ ರಂಧ್ರವೂ ಇರುವುವು. ವಾಯುವು ಒಳಹೊಕ್ಕು ತಟ್ಟೆಯನ್ನು ಮುಟ್ಟಿದಾಗ ಮಾತ್ರ ವಿದ್ಯುತ್ತು ಹುಟ್ಟುವುದು. ಶುದ್ಧವಾದ ಗಾಳಿಯಲ್ಲಿ ಅದು ತೋರಿಸತಕ್ಕ ಅಂಕಿಯು ಸೊನ್ನೆ. ರಂಧ್ರವು ಸಗಣಿಯ ತುಂತುರಿನಿಂದ ಮುಚ್ಚಿಹೋದಾಗ ತೋರಿಸುವ ಅಂಕಿಯೂ ಸೊನ್ನೆ. ಬೇಸಗೆಯ ಒಣಹವೆಯಲ್ಲಿ, ಇಲ್ಲವೇ ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರು ಗಾಡಿಯೊಳಗೆ, ದಿನಗಟ್ಟಲೆ ಬಿದ್ದಿದ್ದು ದ್ರವವು ಬತ್ತಿಹೋದ ಕೋಶದ ಅಂಕಿಯೂ ಸೊನ್ನೆಯೇ. ಕ್ಷೇಮವೆಂಬುದಕ್ಕೂ ಸಂವೇದಕವು ಸತ್ತಿದೆಯೆಂಬುದಕ್ಕೂ ಒಂದೇ ಗುರುತಾಗಿರುವುದು ಈ ಯಂತ್ರದ ದೊಡ್ಡ ಕುಂದು.

ಈ ಕುಂದನ್ನು ನೀಗಲು ಯಂತ್ರ ನಿರ್ಮಾಪಕರು ಒಂದು ಉಪಾಯವನ್ನು ಮಾಡಿರುವರು. ಆಗಾಗ್ಗೆ ಕೋಶಕ್ಕೆ ಒಂದು ವೋಲ್ಟಿನ ನೂರನೆಯ ಒಂದು ಪಾಲಿನಷ್ಟು ಅಲ್ಪವಾದ ವಿದ್ಯುತ್ತಿನ ತಟ್ಟನ್ನು ಕೊಟ್ಟು, ಅದಕ್ಕೆ ಕೋಶವು ಹೇಗೆ ಮಾರ್ನುಡಿಯುವುದೆಂದು ಒಳಗಿನ ಗಣಕವು ನೋಡುವುದು. ದ್ರವವಿದ್ದು ತಟ್ಟೆಗಳು ನೆನೆದಿದ್ದರೆ ವಿದ್ಯುತ್ತು ಒಮ್ಮೆ ಚಿಮ್ಮಿ ಮೆಲ್ಲಗೆ ಅಡಗುವುದು. ಒಣಗಿದ್ದರೆ ಅಥವಾ ಕಳಚಿದ್ದರೆ ಚಿಮ್ಮುವುದಿಲ್ಲ. ಕೊಬ್ಬರಿಗಾಗಿ ಅಟ್ಟದಲ್ಲಿಟ್ಟ ಕಾಯನ್ನು ಅಲ್ಲಾಡಿಸಿ ನೋಡುವುದೂ ಇಂತಹುದೇ. ಒಳಗಿನ ಗಿಟುಕು ಕರಟವನ್ನು ಬಿಟ್ಟಿದೆಯೆಂಬುದು ಸದ್ದಿನಿಂದ ತಿಳಿಯುವುದು. ಅದಕ್ಕೆ ಬೂಷ್ಟು ಹಿಡಿದಿದೆಯೇ ಎಂಬುದು ಒಡೆದ ಹೊರತು ತಿಳಿಯದು. ಈ ಸ್ವಪರೀಕ್ಷೆ ಉಪಯುಕ್ತವಾದುದೇ. ಒಣಗಿದ ಕೋಶವನ್ನು ಅದು ಹಿಡಿದುಕೊಡುವುದು. ಆದರೆ ರಂಧ್ರವು ಮುಚ್ಚಿಹೋಗಿದ್ದರೆ, ಮೇಲಿನ ಜಾಲರಿಯು ಕೆಸರಿನಿಂದ ಕಟ್ಟಿಕೊಂಡಿದ್ದರೆ, ತಟ್ಟೆಯು ವಾಯುವಿನೊಡನೆ ಕೂಡುವ ಗುಣವನ್ನು ಕಳೆದುಕೊಂಡಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಉರಿಯುವ ವಾಯುಗಳ ಸಂವೇದಕದಲ್ಲಿ ಎರಡು ಬಗೆಗಳುಂಟು. ಹೆಚ್ಚು ಬಳಕೆಯಲ್ಲಿರುವುದು ಮಣಿಯ ಬಗೆ. ಪ್ಲಾಟಿನಂ ತಂತಿಯ ಸುರುಳಿಯ ಮೇಲೆ ಕಟ್ಟಿದ ಸಾಸಿವೆಯಂತಹ ಎರಡು ಮಣಿಗಳನ್ನು ಸುಮಾರು ೫೦೦ ಡಿಗ್ರಿಗಳಿಗೆ ಕಾಯಿಸಿಟ್ಟಿರುತ್ತಾರೆ. ಅವುಗಳಲ್ಲಿ ಒಂದರ ಮೇಲೆ ಮೀಥೇನು ಸುಲಭವಾಗಿ ಉರಿಯುವಂತೆ ಮಾಡುವ ಪದಾರ್ಥವನ್ನು ಲೇಪಿಸಿರುವುದರಿಂದ, ವಾಯುವು ಬಂದಾಗ ಆ ಮಣಿಯು ಇನ್ನೊಂದಕ್ಕಿಂತ ಹೆಚ್ಚು ಕಾಯುವುದು. ಈ ಅಂತರವೇ ಅಂಕಿಯಾಗಿ ಕಾಣುವುದು. ಸಿಲಿಕೋನ್ ಕೂಡಿದ ಪಾಲಿಷು, ಅಂಟು, ಕೀಲೆಣ್ಣೆ ಮುಂತಾದುವುಗಳ ಆವಿಯು ತಗುಲಿದರೆ ಆ ಲೇಪಕ್ಕೆ ವಿಷವೇರಿ ಅದು ನಿರ್ಜೀವವಾಗುವುದು. ಬೆಳೆಗೆ ಸಿಂಪಡಿಸುವ ಔಷಧಿಗಳು ಎಲೆಗೆ ಹತ್ತಿಕೊಳ್ಳಲೆಂದು ಬೆರೆಸುವ ಕೆಲವು ದ್ರವಗಳಲ್ಲಿಯೂ ಸಿಲಿಕೋನಿನ ಅಂಶವಿರುವುದರಿಂದ, ಔಷಧಿಯ ಕೊಠಡಿಯಲ್ಲಿ ಈ ಯಂತ್ರವನ್ನು ಇಡಲೇಕೂಡದು. ಹೈಡ್ರೋಜನ್ ಸಲ್ಫೈಡೂ ಲೇಪದ ಶಕ್ತಿಯನ್ನು ಕುಗ್ಗಿಸುವುದು. ತಂತಿಯು ಮಾತ್ರ ಮೊದಲಿನಂತೆಯೇ ಕಾಯುತ್ತಿರುವುದು, ವಿದ್ಯುತ್ತು ಸರಿಯಾಗಿಯೇ ಹರಿಯುತ್ತಿರುವುದು. ಆದಕಾರಣ ಸ್ವಪರೀಕ್ಷೆಯು ಈ ಸತ್ತ ಮಣಿಯನ್ನು ಬದುಕಿದೆಯೆಂದೇ ಎಣಿಸುವುದು.

ಮಣಿಯ ಸಂವೇದಕಕ್ಕೆ ಇನ್ನೂ ಒಂದು ದೋಷವಿದೆ, ಗೋಬರ್ ತೊಟ್ಟಿಯುಳ್ಳವರು ಅದನ್ನು ಮರೆಯತಕ್ಕದ್ದಲ್ಲ. ಅದರ ಮೇಲೆ ವಾಯುವು ಉರಿಯಬೇಕಾದರೆ ಆಮ್ಲಜನಕವು ಬೇಕು. ಅನಿಲವು ತುಂಬಿದ ತೊಟ್ಟಿಯಲ್ಲಿ ಆಮ್ಲಜನಕವೇ ಇಲ್ಲದ್ದರಿಂದ, ಸಾಕ್ಷಾತ್ ಮೀಥೇನಿನ ಮಡುವಿನಲ್ಲಿಯೇ ಅದು ಸೊನ್ನೆಗೆ ಹತ್ತಿರವಾದ ಅಂಕಿಯನ್ನು ತೋರಿಸಬಹುದು. ಆದುದರಿಂದ ಮೊದಲು ಆಮ್ಲಜನಕದ ಅಂಕಿಯನ್ನು ಓದಿ, ಆ ಮೇಲೆ ಉರಿಯುವ ವಾಯುವಿನ ಅಂಕಿಯನ್ನು ಓದತಕ್ಕದ್ದು.

ಎರಡನೆಯ ಬಗೆಯು ಕಣ್ಣಿಗೆ ಕಾಣದ ಅತಿರಕ್ತ ಕಿರಣದಿಂದ ನಡೆಯುವುದು. ಮೀಥೇನೂ ಇಂಗಾಲಾಮ್ಲವೂ ಈ ಕಿರಣದ ಗೊತ್ತಾದ ಅಂಶಗಳನ್ನು ಹೀರಿಕೊಳ್ಳುವುದರಿಂದ, ದಾಟಿಬಂದ ಬೆಳಕಿನ ಕೊರತೆಯನ್ನು ಅಳೆದು ವಾಯುವಿನ ಪ್ರಮಾಣವನ್ನು ಹೇಳಬಹುದು. ಇದಕ್ಕೆ ಆಮ್ಲಜನಕವು ಬೇಡ, ಸಿಲಿಕೋನಿನ ಭಯವೂ ಇಲ್ಲ. ದೀಪವು ಮಂಕಾದರೆ ಅಥವಾ ಕನ್ನಡಿ ಮಸುಕಾದರೆ ಯಂತ್ರಕ್ಕೇ ತಿಳಿದುಹೋಗುವುದು. ಸ್ವಪರೀಕ್ಷೆ ಎಂಬ ಮಾತು ನಿಜವಾಗಿ ಒಪ್ಪುವುದು ಈ ಬಗೆಗೆ. ಬೆಲೆ ಹೆಚ್ಚಾದರೂ ಗೋಬರ್ ತೊಟ್ಟಿಗಳ ಕೆಲಸಕ್ಕೆ ಇದೇ ಮೇಲೆಂದು ನಮ್ಮ ಅಭಿಪ್ರಾಯ. ಆದರೂ ಗಾಳಿ ಬರುವ ಜಾಲರಿಯು ಕಟ್ಟಿಕೊಂಡಿದ್ದರೆ ಇದೂ ಕುರುಡೇ.

ಹಿಂದೆ ಬ್ರಿಟನ್ ದೇಶದ ಕಲ್ಲಿದ್ದಲು ಗಣಿಗಳಲ್ಲಿ ಕೆನೇರಿ ಎಂಬ ಸಣ್ಣ ಹಕ್ಕಿಯನ್ನು ಪಂಜರದಲ್ಲಿಟ್ಟು ಒಯ್ಯುತ್ತಿದ್ದರು, ಜೆ. ಎಸ್. ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞರು ಇದನ್ನು ಸಲಹೆಮಾಡಿದವರು. ಮನುಷ್ಯನಿಗಿಂತ ಮೊದಲೇ ವಿಷವು ಹಕ್ಕಿಗೆ ತಾಗಿ ಅದು ಗೂಟದಿಂದ ಬೀಳುತ್ತಿದ್ದಿತು. ೧೯೮೬ರಲ್ಲಿ ಹಕ್ಕಿಗಳನ್ನು ಬಿಟ್ಟು ವಿದ್ಯುತ್ ಯಂತ್ರಗಳನ್ನು ಬಳಸಲು ಅಲ್ಲಿನವರು ನಿಶ್ಚಯಿಸಿದರು. ಹಕ್ಕಿಯ ಪಾಲಿಗೆ ಅದು ಒಳ್ಳೆಯದೇ ಆಯಿತು. ಆದರೆ ಹಕ್ಕಿಯಲ್ಲಿ ಒಂದು ಗುಣವಿತ್ತು: ಅದು ಕುಪ್ಪಳಿಸುತ್ತ ಹಾಡುತ್ತ ಇರುವುದೇ ಅದರ ಸ್ವಪರೀಕ್ಷೆಯಾಗಿತ್ತು, ಮೇಲೆಯೇ ಸತ್ತುಬಿದ್ದ ಹಕ್ಕಿಯನ್ನು ಯಾರೂ ಗಣಿಯೊಳಕ್ಕೆ ಒಯ್ಯುತ್ತಿರಲಿಲ್ಲ. ಯಂತ್ರವಾದರೋ ಸತ್ತ ಮೇಲೂ ಹಸಿರು ದೀಪವನ್ನು ತೋರಿಸಬಲ್ಲುದು.

ಆದಕಾರಣ ವಾಯುಸೂಚಕವನ್ನು ವಾಯುವಿನಿಂದಲೇ ಪರೀಕ್ಷಿಸತಕ್ಕದ್ದು. ಇದಕ್ಕೆ ಬಂಪ್ ಟೆಸ್ಟ್ ಎಂದು ಹೆಸರು. ಗೊತ್ತಾದ ಪ್ರಮಾಣದಲ್ಲಿ ವಾಯುಗಳನ್ನು ಬೆರೆಸಿದ ಸಣ್ಣ ಸಿಲಿಂಡರು ದೊರೆಯುವುದು. ಅದರಲ್ಲಿ ಸಾಮಾನ್ಯವಾಗಿ ಹೈಡ್ರೋಜನ್ ಸಲ್ಫೈಡು ಹತ್ತು ಲಕ್ಷಕ್ಕೆ ೨೫ ಭಾಗ, ಮಾನಾಕ್ಸೈಡು ೧೦೦ ಭಾಗ, ಮೀಥೇನು ನೂರಕ್ಕೆ ೨.೫ ಭಾಗ, ಆಮ್ಲಜನಕವು ೧೮ ಭಾಗ ಇರುವುವು. ಸಿಲಿಂಡರಿನ ಕೊಳವೆಯನ್ನು ಯಂತ್ರದ ಮುಖಕ್ಕೆ ಜೋಡಿಸಿ ಅರ್ಧ ಅಥವಾ ಒಂದು ನಿಮಿಷ ವಾಯುವನ್ನು ಬಿಟ್ಟರೆ ನಾಲ್ಕು ಅಂಕಿಗಳೂ ಚಲಿಸಿ ಕೂಗು ಏಳಬೇಕು. ಒಂದು ಅಂಕಿಯಾದರೂ ಕದಲದಿದ್ದರೆ ಆ ದಿನ ಆ ಯಂತ್ರವನ್ನು ನಂಬಿ ಯಾರನ್ನೂ ಇಳಿಸಕೂಡದು. ಪ್ರತಿ ದಿನವೂ ಬಳಸುವುದಕ್ಕೆ ಮೊದಲು ಇದನ್ನು ಮಾಡುವುದು ಸರಿಯಾದ ಕ್ರಮ. ಇದಲ್ಲದೆ ಅಂಕಿಯು ನಿಜವಾದ ಪ್ರಮಾಣಕ್ಕೆ ಹೊಂದುವಂತೆ ತಿದ್ದುವ ಕೆಲಸವೊಂದುಂಟು. ಅದನ್ನು ತಯಾರಕರು ಗೊತ್ತುಮಾಡಿದ ಅವಧಿಗೆ ಸರಿಯಾಗಿ ತಿಳಿದವರಿಂದ ಮಾಡಿಸಬೇಕು. ಸಿಲಿಂಡರಿಗೂ ಅವಧಿಯುಂಟು. ಅದರಲ್ಲಿನ ಹೈಡ್ರೋಜನ್ ಸಲ್ಫೈಡು ಕಾಲಕ್ರಮದಲ್ಲಿ ಕ್ಷೀಣಿಸುವುದರಿಂದ, ಅವಧಿ ಮೀರಿದ ಸಿಲಿಂಡರಿನಿಂದ ಪರೀಕ್ಷಿಸಿದರೆ ಒಳ್ಳೆಯ ಯಂತ್ರವೂ ಕೆಟ್ಟಂತೆ ಕಾಣುವುದು. ಇನ್ನೂ ಕೇಡೆಂದರೆ, ಅಂತಹ ಸಿಲಿಂಡರಿಗೆ ಹೊಂದುವಂತೆ ಯಂತ್ರವನ್ನೇ ತಪ್ಪಾಗಿ ತಿದ್ದಿಬಿಡುವರು.

ಗುಂಡಿಯ ಬಳಿಯಲ್ಲಿ ನಡೆದುಕೊಳ್ಳತಕ್ಕ ಕ್ರಮವನ್ನೂ ಸ್ವಲ್ಪ ಹೇಳಬೇಕಾಗಿದೆ. ಯಂತ್ರವನ್ನು ಗುಂಡಿಯ ಬಾಯಲ್ಲಿ ಚಾಲೂ ಮಾಡಕೂಡದು. ಚಾಲೂ ಮಾಡುವಾಗ ಸುತ್ತಲ ಗಾಳಿಯನ್ನೇ ಶುದ್ಧವೆಂದು ಎಣಿಸಿ ಸೊನ್ನೆಯನ್ನು ಗೊತ್ತುಮಾಡಿಕೊಳ್ಳುವ ಯಂತ್ರಗಳಿವೆ; ಕೆಟ್ಟ ಗಾಳಿಯಲ್ಲಿ ಸೊನ್ನೆ ಕಲಿತ ಯಂತ್ರವು ಆ ಕೇಡನ್ನು ಲೆಕ್ಕದಿಂದ ಕಳೆದುಬಿಡುವುದು. ದೂರದಲ್ಲಿ, ಗಾಳಿ ಬೀಸುವ ಕಡೆಯಲ್ಲಿ ನಿಂತು ಚಾಲೂ ಮಾಡಿ, ಬಳಿಕ ಉದ್ದನೆಯ ಕೊಳವೆಯ ಮೂಲಕ ಗುಂಡಿಯ ಮೇಲ್ಭಾಗ, ನಡುಭಾಗ, ತಳ ಈ ಮೂರು ಕಡೆಯ ಗಾಳಿಯನ್ನೂ ಎಳೆದು ನೋಡತಕ್ಕದ್ದು. ಕೊಳವೆ ಉದ್ದವಾದಷ್ಟೂ ಗಾಳಿಯು ಬರಲು ಹೊತ್ತು ಹಿಡಿಯುವುದರಿಂದ ಒಂದೊಂದು ಕಡೆಯೂ ಅಂಕಿ ನಿಲ್ಲುವವರೆಗೆ ಕಾಯಬೇಕು. ಬಗ್ಗಡವನ್ನು ಕದಡಿದೊಡನೆ ಅದರಲ್ಲಿ ಅಡಗಿದ್ದ ಹೈಡ್ರೋಜನ್ ಸಲ್ಫೈಡು ಒಟ್ಟಿಗೆ ಮೇಲೇಳುವುದು. ಬೆಳಗ್ಗೆ ಸೊನ್ನೆಯಾಗಿದ್ದ ಅಂಕಿಯು ಗುದ್ದಲಿ ಬಿದ್ದ ಮರುನಿಮಿಷದಲ್ಲಿ ನೂರನ್ನು ಮೀರಬಹುದು. ಆದಕಾರಣ ಕೆಲಸ ನಡೆಯುವಷ್ಟು ಹೊತ್ತೂ ಯಂತ್ರವು ಕೆಲಸಗಾರನ ಎದೆಯ ಮೇಲೆಯೇ ಇರತಕ್ಕದ್ದು.

ನಾಲ್ಕು ಸಂವೇದಕಗಳ ಯಂತ್ರದಲ್ಲಿ ಇಂಗಾಲಾಮ್ಲಕ್ಕೆ ಬೇರೆ ಅಂಕಿಯಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಹಗೇವಿನಲ್ಲಿ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಅಲ್ಲಿ ಇಂಗಾಲಾಮ್ಲವು ಏರಿದಷ್ಟೂ ಆಮ್ಲಜನಕವು ಇಳಿದಿರುವುದರಿಂದ ಆಮ್ಲಜನಕದ ಕೂಗೇ ಎಚ್ಚರಿಸುವುದು. ಇಂಗಾಲಾಮ್ಲವು ಹೊರಗಿನಿಂದ ಹರಿದುಬಂದು ಗಾಳಿಯನ್ನು ತಳ್ಳಿ ತುಂಬಿಕೊಳ್ಳುವ ಕಡೆಯಲ್ಲಾದರೋ, ಆಮ್ಲಜನಕವು ೧೯.೫ಕ್ಕೆ ಇಳಿಯುವಷ್ಟರಲ್ಲಿ ಅದು ನೂರಕ್ಕೆ ೬ ಭಾಗವನ್ನು ಮೀರಿರುವುದು. ಅಷ್ಟು ಇಂಗಾಲಾಮ್ಲವೇ ಮನುಷ್ಯನಿಗೆ ಅಪಾಯಕರ. ಅಂತಹ ಕಡೆಗೆ ಇಂಗಾಲಾಮ್ಲದ ಸಂವೇದಕವುಳ್ಳ ಯಂತ್ರವನ್ನೇ ತರಿಸತಕ್ಕದ್ದು.

ಒಳಗೆ ಒಬ್ಬನು ಬಿದ್ದನೆಂದರೆ ಅಣ್ಣನೋ ತಮ್ಮನೋ ಕೂಡಲೇ ಧುಮುಕುವುದು ಸಹಜ. ಹೀಗೆ ಒಂದೇ ಮನೆಯ ಇಬ್ಬರು ಮೂವರು ಒಂದೇ ಗುಂಡಿಯಲ್ಲಿ ಮಡಿದ ವಾರ್ತೆಗಳನ್ನು ವೃತ್ತಪತ್ರಿಕೆಗಳಲ್ಲಿ ಎಲ್ಲರೂ ಓದಿರುವೆವು. ಇಳಿಯುವವನ ಮೈಗೆ ಹಗ್ಗವು ಮೊದಲೇ ಕಟ್ಟಿರಬೇಕು. ಅದರ ತುದಿ ಮೇಲಿನವರ ಕೈಯಲ್ಲಿರಬೇಕು. ಹಗ್ಗವಿಲ್ಲದಿದ್ದರೆ ಮೇಲಿನವರು ೧೧೨ಕ್ಕೆ ಅಥವಾ ಅಗ್ನಿಶಾಮಕದವರ ೧೦೧ಕ್ಕೆ ಸುದ್ದಿ ಕೊಟ್ಟು, ಅವರು ಬರುವವರೆಗೆ ಹೊರಗಿನಿಂದ ಗಾಳಿಯನ್ನು ಬೀಸಬೇಕೇ ಹೊರತು ಯಾರೂ ಇಳಿಯಕೂಡದು. ಇದನ್ನು ಆಡುವುದು ಸುಲಭ, ಆ ಗಳಿಗೆಯಲ್ಲಿ ಪಾಲಿಸುವುದು ಕಷ್ಟ. ಅಲ್ಲಿ ನಿಂತ ಯಜಮಾನರ ಗದರಿಕೆಯೊಂದೇ ಜನರನ್ನು ತಡೆಯಬಲ್ಲುದು.

ಒಬ್ಬ ಜಮೀನುದಾರರು ವರ್ಷಕ್ಕೊಮ್ಮೆ ಬರುವ ಕೆಲಸಕ್ಕಾಗಿ ಯಂತ್ರವನ್ನೂ ಸಿಲಿಂಡರನ್ನೂ ಕೊಂಡಿಡುವುದು ಲಾಭಕರವಲ್ಲ. ಬಳಸದೆ ಇಟ್ಟರೂ ಸಂವೇದಕಗಳ ಆಯುಷ್ಯ ಸವೆಯುತ್ತಲೇ ಇರುವುದು. ಗ್ರಾಮ ಪಂಚಾಯಿತಿಯಾಗಲಿ ಸಹಕಾರ ಸಂಘವಾಗಲಿ ಒಂದನ್ನು ಇಟ್ಟುಕೊಂಡು, ತರಬೇತಿ ಪಡೆದ ಒಬ್ಬನ ವಶಕ್ಕೆ ಕೊಟ್ಟು, ಪರೀಕ್ಷೆಯ ತಾರೀಖು, ಸಿಲಿಂಡರಿನ ಅವಧಿ, ನಾಲ್ಕು ಅಂಕಿಗಳು, ಪರೀಕ್ಷಿಸಿದವನ ರುಜು ಇವಿಷ್ಟನ್ನೂ ಒಂದು ಪುಸ್ತಕದಲ್ಲಿ ಬರೆಯಿಸುತ್ತಿದ್ದರೆ ಹತ್ತಾರು ಊರುಗಳಿಗೆ ಸಾಕಾಗುವುದು. ಹೊರಗಿನ ಗುತ್ತಿಗೆದಾರರನ್ನು ಕರೆಸುವವರು ಯಂತ್ರವನ್ನು ತಿದ್ದಿಸಿದ ತಾರೀಖುಳ್ಳ ಪತ್ರವನ್ನು ಕೇಳಿ ನೋಡಿ, ಸಿಲಿಂಡರನ್ನು ಜೊತೆಯಲ್ಲಿ ತರಬೇಕೆಂದು ಮೊದಲೇ ಕರಾರು ಮಾಡಿಕೊಂಡು, ಗುಂಡಿಯ ಚಪ್ಪಡಿಯನ್ನು ಸರಿಸುವುದಕ್ಕೆ ಮುಂಚೆ ತಮ್ಮ ಎದುರಿನಲ್ಲಿಯೇ ಯಂತ್ರಕ್ಕೆ ವಾಯುವನ್ನು ಬಿಡಿಸಿ ಅದರ ಕೂಗನ್ನು ಕೇಳಿಕೊಳ್ಳತಕ್ಕದ್ದು.